ಓದುಗರ ಪ್ರಶ್ನೆ: ದಿನಾ ಓಡಾಡೋಕೂ ಜಾಕೆಟ್ ಬೇಕಾ?

ಪ್ರಶ್ನೆ: ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ವೇಗ 50 ದಾಟುವುದಿಲ್ಲ. ನಂದಿಬೆಟ್ಟಕ್ಕೆ ಬರುವ ಬೆಂಗಳೂರಿನ ಹುಡುಗರ ಹಾಗೆ ಜಾಕೆಟ್, ಮಂಡಿ ಪ್ಯಾಡು, ಬೂಟು ಎಲ್ಲ ನನಗೂ ಬೇಕೇ? ಬೇಸಿಗೆಯಲ್ಲಿ ಹಾಕಿಕೊಂಡರೆ ಬೆಂದುಹೋಗುವುದಿಲ್ಲವೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಕು. ಆದರೆ ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಿಲ್ಲ.

ಗಾಡಿ ಮೇಲೆ ಕೂತಾಗ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ತಲೆ ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಗಾಡಿ ನಿಂತಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ನಿಧಾನ ಹೋಗುವವರಿಗೂ ಹೆಲ್ಮೆಟ್ ಅಷ್ಟೇ ಮುಖ್ಯ. ವೇಗ ಏರಿದಂತೆ ಮೈ ಉಜ್ಜಿಕೊಂಡು ಹೋಗುವ ದೂರ ಏರುತ್ತದೆ. ಒಣ ಡಾಂಬರಿನ ಮೇಲೆ 40ರಲ್ಲಿ ಬಿದ್ದರೆ ಸುಮಾರು 9 ಮೀಟರ್, 60ರಲ್ಲಿ ಬಿದ್ದರೆ ಸುಮಾರು 20 ಮೀಟರ್. ಅಷ್ಟು ದೂರ ಮಾಮೂಲಿ ಜೀನ್ಸ್ ತಡೆಯುವುದಿಲ್ಲ. ನೈಲಾನ್ ಟ್ರ್ಯಾಕ್ ಪ್ಯಾಂಟು ಇನ್ನೂ ಕೆಟ್ಟದ್ದು. ಉಜ್ಜಿದ ಕಾವಿಗೆ ಕರಗಿ ಗಾಯಕ್ಕೆ ಅಂಟಿಕೊಳ್ಳುತ್ತದೆ.

ಹೆಲ್ಮೆಟ್ ಆದಮೇಲೆ ಮೊದಲ ದುಡ್ಡು ಗ್ಲೌಸಿಗೆ ಹಾಕಿ. ಬೀಳುವಾಗ ಯಾರೂ ಹೇಳಿಕೊಡದೆಯೇ ಕೈ ಮುಂದಕ್ಕೆ ಹೋಗುತ್ತದೆ. ಬರಿಗೈ ರಸ್ತೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಮಣಿಕಟ್ಟು ಮುರಿಯುವುದು ಆಗಲೇ. ಒಳ್ಳೆಯ ಗ್ಲೌಸಿನಲ್ಲಿ ಅಂಗೈಯ ಬುಡಕ್ಕೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದಿದ್ದರೆ ಕೈ ಕಚ್ಚಿಕೊಳ್ಳದೆ ಜಾರುತ್ತದೆ. ಮಣಿಕಟ್ಟಿಗೆ ಬಿಗಿಯುವ ಪಟ್ಟಿಯೂ ಇರಬೇಕು. ಪಟ್ಟಿ ಬಿಗಿದು ಬೆರಳ ತುದಿ ಹಿಡಿದು ಎಳೆದು ನೋಡಿ. ಕಳಚಿ ಬಂದರೆ ಬೇರೆ ಜೋಡಿ ಕೇಳಿ.

ಆಮೇಲೆ ಪಾದದ ಗಿಣ್ಣು ಮುಚ್ಚುವ ಬೂಟು. ಗಾಡಿ ಮೊದಲು ಬೀಳುವುದೇ ಕಾಲಿನ ಮೇಲೆ, ಚಪ್ಪಲಿ ಎಲ್ಲಿ ಹೋಯಿತೆಂದೂ ಗೊತ್ತಾಗುವುದಿಲ್ಲ. ಮೂರನೆಯದು ಪ್ಯಾಂಟಿನ ಮೇಲೆಯೇ ಕಟ್ಟಿಕೊಳ್ಳುವ ಮಂಡಿ ಪ್ಯಾಡು, ಕೆಲಸದ ಜಾಗದಲ್ಲಿ ಬಿಚ್ಚಿಡಬಹುದು. ಜಾಕೆಟ್ ನಾಲ್ಕನೆಯದು. ಆದರೆ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆಗೋ ಬೆಂಗಳೂರಿಗೋ ಹೋಗುವವರು ಅದನ್ನು ಮುಂದೂಡಬೇಡಿ.

ಜಾಕೆಟ್ ಕೊಳ್ಳುವಾಗ ಒಳಗಿನ ಪ್ಯಾಡುಗಳನ್ನು ಹೊರಗೆ ತೆಗೆದು ನೋಡಿ. ಮೊಣಕೈ, ಭುಜದ ಪ್ಯಾಡಿನ ಮೇಲೆ ಯುರೋಪಿನ ಸುರಕ್ಷತಾ ಮಾನದಂಡದ ಗುರುತಾದ ‘ಇಎನ್ 1621-1’ ಎಂದೂ ಪಕ್ಕದಲ್ಲಿ 1 ಅಥವಾ 2 ಎಂದೂ ಅಚ್ಚಾಗಿರಬೇಕು. 2 ಇದ್ದರೆ ಪೆಟ್ಟು ತಡೆಯುವುದು ಹೆಚ್ಚು. ಬೆನ್ನಿನ ಪ್ಯಾಡಿಗೆ ‘1621-2’. ಮೋಸ ಹೋಗುವುದು ಬೆನ್ನಿನ ವಿಷಯದಲ್ಲೇ. ಎಷ್ಟೋ ಜಾಕೆಟ್‌ಗಳಲ್ಲಿ ಅಲ್ಲಿ ಬರೀ ತೆಳು ಸ್ಪಂಜಿನ ಹಾಳೆ ಇರುತ್ತದೆ. ಅದು ಜಾಕೆಟ್ಟಿನ ಆಕಾರ ನಿಲ್ಲಿಸುತ್ತದೆಯೇ ಹೊರತು ಬೆನ್ನು ಕಾಯುವುದಿಲ್ಲ. ಅದನ್ನು ತೆಗೆದು ನಿಜವಾದ ಪ್ಯಾಡು ಹಾಕಿಸಿಕೊಳ್ಳಿ. ಅಳತೆ ನೋಡುವುದು ಕನ್ನಡಿ ಮುಂದೆ ನಿಂತಲ್ಲ, ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡಿದು. ಆಗ ಪ್ಯಾಡು ಮೊಣಕೈ ಮೂಳೆಯ ಮೇಲೇ ಇರಬೇಕು, ಇನ್ನೊಬ್ಬರು ಹಿಡಿದು ತಿರುಗಿಸಿದರೂ ಜಾರಬಾರದು. ‘ಇರಲಿ, ಒಳಗೆ ಸ್ವೆಟರ್ ಹಾಕಬಹುದು’ ಎಂದು ಒಂದು ಸೈಜು ದೊಡ್ಡದು ತೆಗೆದುಕೊಂಡರೆ ಬಿದ್ದಾಗ ಪ್ಯಾಡು ಒಂದು ಕಡೆ, ಮೊಣಕೈ ಇನ್ನೊಂದು ಕಡೆ.

ಸೆಕೆಗೆ ಬಲೆಬಟ್ಟೆಯ ಜಾಕೆಟ್ ಬರುತ್ತದೆ. ಉಜ್ಜುವಿಕೆ ತಡೆಯುವುದರಲ್ಲಿ ಅದು ಚರ್ಮದ ಜಾಕೆಟ್ಟಿಗಿಂತ ಕಡಿಮೆಯೇ, ಆದರೂ ಮನೆಯಲ್ಲಿ ನೇತುಹಾಕಿದ ಚರ್ಮದ ಜಾಕೆಟ್ಟಿಗಿಂತ ಮೈಮೇಲಿರುವ ಬಲೆ ಜಾಕೆಟ್ ವಾಸಿ. ಏಪ್ರಿಲ್ ಬಿಸಿಲಿನಲ್ಲಿ ಒಳಗಿನ ಹತ್ತಿ ಬನಿಯನ್ ನೆನೆಸಿ, ಹಿಂಡಿ ಹಾಕಿಕೊಳ್ಳಿ. ಅದು ಒಣಗುವವರೆಗೆ, ಗಾಡಿ ಓಡುತ್ತಿರುವಾಗ ತಣ್ಣಗಿರುತ್ತದೆ. ಬೇಯುವುದು ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ ನಿಂತಾಗ. ಅಲ್ಲಿ ಜಿಪ್ ಇಳಿಸಿ, ಹೊರಡುವಾಗ ಮರೆಯದೆ ಏರಿಸಿ.

ಒಂದು ಮಾತು ಮುಚ್ಚಿಡಬಾರದು. ಎದುರಿನಿಂದ ಬಂದ ಲಾರಿಗೆ ಡಿಕ್ಕಿಯಾದರೆ ಈ ಜಾಕೆಟ್ಟು, ಪ್ಯಾಡುಗಳಿಂದ ಆಗುವುದು ಬಹಳ ಕಡಿಮೆ. ಜಾರಿ ಬೀಳುವುದು, ಅಡ್ಡ ಬಂದ ನಾಯಿ ತಪ್ಪಿಸಲು ಹೋಗಿ ಉರುಳುವುದು, ಇಂಥವುಗಳಲ್ಲಿ ಇವು ಚರ್ಮ, ಕೀಲು ಉಳಿಸುತ್ತವೆ.

ಪ್ರಶ್ನೆ: ಹೆಲ್ಮೆಟ್ ಒಮ್ಮೆ ಸೀಟಿನಿಂದ ಬಿದ್ದಿದೆ. ಹೊರಗೆ ಗೀರು ಮಾತ್ರ. ಬದಲಾಯಿಸಬೇಕೇ? ರಸ್ತೆ ಬದಿಯ ಐಎಸ್‌ಐ ಹೆಲ್ಮೆಟ್ ನಂಬಬಹುದೇ?
– ಓದುಗರು, ಗೌರಿಬಿದನೂರು

ಉತ್ತರ: ಒಳಗೆ ತಲೆಯಿಲ್ಲದೆ ಸೀಟಿನಿಂದ ಒಮ್ಮೆ ಬಿದ್ದದ್ದಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಮೆತ್ತೆ ಬಿಚ್ಚಿ ಒಳಗಿನ ಗಟ್ಟಿ ಥರ್ಮಾಕೋಲ್ ನೋಡಿ. ಬಿರುಕು, ಗುಳಿ ಕಂಡರೆ ಬದಲಾಯಿಸಿ. ತಲೆಯಲ್ಲಿದ್ದಾಗ ಪೆಟ್ಟು ಬಿದ್ದಿದ್ದರೆ ಮಾತ್ರ ನೋಡುವ ಮಾತೇ ಇಲ್ಲ, ಬದಲಾಯಿಸಲೇಬೇಕು. ಥರ್ಮಾಕೋಲ್ ತಾನು ಕುಗ್ಗಿ ಪೆಟ್ಟನ್ನು ನುಂಗುತ್ತದೆ, ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸುವ ಅಭ್ಯಾಸವೂ ಒಳಗೆ ಗುಳಿ ಬೀಳಿಸುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಪ್ಲಾಸ್ಟಿಕ್ ಚಿಪ್ಪು ಸತ್ವ ಕಳೆದುಕೊಳ್ಳುತ್ತದೆ.

2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಬರೀ ಸ್ಟಿಕ್ಕರ್ ಯಾರಾದರೂ ಅಂಟಿಸಬಹುದು. ಗುರುತಿನ ಮೇಲೆ ಹೆಲ್ಮೆಟ್ ಮಾನದಂಡದ ಸಂಖ್ಯೆ ‘ಐಎಸ್ 4151’, ಕೆಳಗೆ ತಯಾರಕರ ಪರವಾನಗಿಯ ‘ಸಿಎಂ/ಎಲ್’ ಸಂಖ್ಯೆ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ, ಬರುವ ಕಂಪನಿ ಹೆಸರೂ ಹೆಲ್ಮೆಟ್ ಮೇಲಿನ ಹೆಸರೂ ಒಂದೇನಾ ನೋಡಿ.

ಹಾಕಿದಾಗ ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಕಟ್ಟಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿಸಿ. ತಲೆಯಿಂದ ಉರುಳಿ ಬಂದರೆ ಅದು ಸೈಜು ತಪ್ಪಿದ ಹೆಲ್ಮೆಟ್.

ಪ್ರಶ್ನೆ: ಯಜಮಾನರ ಜೊತೆ ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುತ್ತೇನೆ, ಮೂರು ವರ್ಷದ ಮಗಳು ಮುಂದೆ ಟ್ಯಾಂಕಿನ ಮೇಲೆ. ಏನು ಎಚ್ಚರ ಬೇಕು?
– ಓದುಗರು, ಚಿಂತಾಮಣಿ

ಉತ್ತರ: ಮಗಳನ್ನು ದಯವಿಟ್ಟು ಟ್ಯಾಂಕಿನ ಮೇಲೆ ಕೂರಿಸಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನಿಂದ ತಂದೆಯ ಭಾರ, ಮುಂದೆ ಹ್ಯಾಂಡಲ್ಲಿನ ಕಬ್ಬಿಣ, ಮಧ್ಯೆ ಮಗುವಿನ ಎದೆ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರ ಮೈಗೆ ಬೆಲ್ಟಿನಿಂದ ಕಟ್ಟಿಕೊಳ್ಳಬೇಕು. ಆ ಬೆಲ್ಟು 30 ಕಿಲೋ ತಡೆಯುವಂತಿರಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಕೂರುವ ಹೆಲ್ಮೆಟ್ ಬೇಕು, ಗಾಡಿಯ ವೇಗ 40 ದಾಟಬಾರದು.

ನೀವೂ ಎರಡೂ ಕಡೆ ಕಾಲು ಹಾಕಿ ಕೂತರೆ ಒಳ್ಳೆಯದು. ಆಗುವುದೇ ಇಲ್ಲವೆಂದರೆ ಸೀರೆ ಗಾರ್ಡ್, ಚೈನ್ ಕವರ್ ಇಲ್ಲದ ಗಾಡಿ ಹತ್ತಬೇಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ, ಕೂಗುವುದಕ್ಕೂ ಸಮಯವಿರುವುದಿಲ್ಲ. ಹೆಲ್ಮೆಟ್ ನಿಮಗೂ ಕಡ್ಡಾಯ.

ಪ್ರಶ್ನೆ: ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಹೇಗೆ ದಾಟುವುದು?
– ಓದುಗರು, ಬಾಗೇಪಲ್ಲಿ

ಉತ್ತರ: ಒಕ್ಕಣೆಯ ಜಾಗ ಕಂಡ ಕೂಡಲೇ, ಅಂದರೆ ಹುಲ್ಲು ಹತ್ತುವ ಮೊದಲೇ, ವೇಗ ಇಳಿಸಿ. ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ಗಾಡಿ ವಾಲಿಸಬೇಡಿ, ಒಂದೇ ಸಮ ನೇರವಾಗಿ ದಾಟಿ. ಹುರುಳಿ ಬಳ್ಳಿ ಹೆಚ್ಚು ಅಪಾಯ. ಕೆಳಗೆ ಉದುರಿದ ಕಾಳು ಟೈರಿನ ಅಡಿ ಗೋಲಿಯಂತೆ ಉರುಳುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಸೈಲೆನ್ಸರ್ ನೋಡಿ. ಅಲ್ಲಿ ಸಿಕ್ಕಿಕೊಂಡ ಒಣಹುಲ್ಲು ಬೆಂಕಿ ಹತ್ತಿಕೊಳ್ಳಬಹುದು. ಎಂಜಿನ್ ಆಫ್ ಮಾಡಿ ಕಡ್ಡಿಯಿಂದ ತೆಗೆಯಿರಿ, ಬರಿಗೈ ಹಾಕಬೇಡಿ.