ಕಪ್ಪುಕುಳಿಯ ಮಗ್ಗುಲಲ್ಲಿ ಎಳೆಯ ನಕ್ಷತ್ರಗಳು

ಪ್ರಶ್ನೆ: ಕಪ್ಪುಕುಳಿ ಹತ್ತಿರ ಬಂದದ್ದನ್ನೆಲ್ಲ ಹರಿದುಹಾಕುತ್ತದೆ ಎನ್ನುತ್ತಾರೆ. ಹಾಗಿದ್ದರೆ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ಸುತ್ತ ಎಳೆಯ ನಕ್ಷತ್ರಗಳು ಹೇಗೆ ಉಳಿದಿವೆ?

ಉತ್ತರ: ಉಳಿಯುವುದು ಕಷ್ಟವಲ್ಲ, ಅಲ್ಲಿ ಹುಟ್ಟುವುದು ಕಷ್ಟ. ಕಪ್ಪುಕುಳಿ ಒಂದು ವಸ್ತುವಿನ ಹತ್ತಿರದ ಬದಿಯನ್ನು ಹೆಚ್ಚು, ಆಚೆ ಬದಿಯನ್ನು ಕಡಿಮೆ ಎಳೆಯುತ್ತದೆ. ಹರಿದುಹಾಕುವುದು ಈ ವ್ಯತ್ಯಾಸ, ಅಂದರೆ ಉಬ್ಬರ ಬಲ. ಅದನ್ನು ತಡೆದುಕೊಳ್ಳಲು ಬೇಕಾದದ್ದು ಸಾಂದ್ರತೆ. ಆಕಾಶಗಂಗೆಯ ನಡುವಿನ ಈ ಕುಳಿ, ಸ್ಯಾಜಿಟೇರಿಯಸ್ ಎ-ಸ್ಟಾರ್, ಸುಮಾರು 43 ಲಕ್ಷ ಸೂರ್ಯರಷ್ಟು ತೂಗುತ್ತದೆ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅದು ಸೆಕೆಂಡಿಗೆ 7,700 ಕಿಲೋಮೀಟರ್ ವೇಗದಲ್ಲಿ, ಭೂಮಿ-ಸೂರ್ಯರ ಅಂತರದ 120 ಪಟ್ಟು ದೂರದಲ್ಲಿ ಹಾದುಹೋಯಿತು. ಅದು ಚಿಂದಿಯಾಗಬೇಕಾದರೆ ಆ ಅಂತರ 2 ಪಟ್ಟಿನ ಆಸುಪಾಸಿಗೆ ಇಳಿಯಬೇಕು.

ಅನಿಲದ ಮೋಡದ ಪಾಡು ಬೇರೆ. ಕುಳಿಯಿಂದ ಜ್ಯೋತಿರ್ವರ್ಷದ ಮೂರನೇ ಒಂದು ಪಾಲು ದೂರದಲ್ಲಿ ಮೋಡವೊಂದು ಚದುರದೆ ನಿಲ್ಲಬೇಕಾದರೆ ಅದರ ಪ್ರತಿ ಘನ ಸೆಂಟಿಮೀಟರಿನಲ್ಲಿ ಸಾವಿರಾರು ಕೋಟಿ ಹೈಡ್ರೊಜನ್ ಪರಮಾಣುಗಳಿರಬೇಕು. ಬೇರೆಡೆ ನಕ್ಷತ್ರ ಹುಟ್ಟಿಸುವ ಮೋಡಗಳ ದಟ್ಟ ಭಾಗದಲ್ಲೂ ಇರುವುದು ಹತ್ತು ಸಾವಿರದಿಂದ ಒಂದು ಲಕ್ಷದಷ್ಟು.

ಪ್ರಶ್ನೆ: ಅಷ್ಟು ಸಾಂದ್ರತೆ ಬರುವುದೆಲ್ಲಿಂದ?

ಉತ್ತರ: ತಟ್ಟೆಯಿಂದ. ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದೇ. ದೊಡ್ಡ ಮೋಡವೊಂದು ಒಳಬೀಳುವಾಗ ಕುಳಿಯ ಎರಡೂ ಬದಿಯಿಂದ ಹಾಯುತ್ತದೆ. ಆಚೆ ಸೇರಿದ ಎರಡು ಧಾರೆಗಳು ಡಿಕ್ಕಿ ಹೊಡೆದು, ವಿರುದ್ಧ ದಿಕ್ಕಿನ ತಿರುಗುವಿಕೆ ಪರಸ್ಪರ ವಜಾ ಆಗುತ್ತದೆ. ಕಾದ ಅನಿಲ ಬಿಸಿಯನ್ನು ಹೊರಸೂಸಿ ತೆಳು ತಟ್ಟೆಯಾಗಿ ನೆಲೆಯಾಗುತ್ತದೆ. ತೆಳುವಾದಷ್ಟೂ ದಟ್ಟ.

ಇಲ್ಲಿ ಎರಡು ಷರತ್ತು. ಒಂದು, ತೂಕ: ತಟ್ಟೆಯ ದಪ್ಪ ಅದರ ತ್ರಿಜ್ಯದ ನೂರನೇ ಒಂದು ಪಾಲಿದ್ದರೆ, ತೂಕವೂ ಕುಳಿಯ ತೂಕದ ನೂರನೇ ಒಂದು ಪಾಲಿನಷ್ಟು ಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 43 ಸಾವಿರ ಸೂರ್ಯರಷ್ಟು ಅನಿಲ. ಎರಡು, ತಣಿಯುವ ವೇಗ, ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಮೇಲೆ ಹೇಳಿದ ದೂರದಲ್ಲಿ ಒಂದು ಸುತ್ತಿಗೆ ಸುಮಾರು 1,400 ವರ್ಷ ಬೇಕು. ಅದರ ಅರ್ಧದೊಳಗೆ, ಅಂದರೆ ಏಳುನೂರು ವರ್ಷದಲ್ಲಿ, ಅನಿಲ ತನ್ನ ಬಿಸಿ ಕಳೆದುಕೊಳ್ಳಬೇಕು. ನಿಧಾನವಾದರೆ ಕುಗ್ಗಲು ಹೊರಟ ಮುದ್ದೆ ಮತ್ತೆ ಕಾದು ಉಬ್ಬುತ್ತದೆ. ತಟ್ಟೆ ಸುರುಳಿ ಸುರುಳಿಯಾಗಿ ಕಲಕುತ್ತದೆ, ನಕ್ಷತ್ರ ಮಾತ್ರ ಆಗುವುದಿಲ್ಲ.

ತಟ್ಟೆಯ ಗುರುತು ಈಗಲೂ ಇದೆ. ಕುಳಿಯಿಂದ ಸುಮಾರು 0.13 ಜ್ಯೋತಿರ್ವರ್ಷದಿಂದ ಆಚೆಗೆ, ಎಳೆಯ ನಕ್ಷತ್ರಗಳ ಒಂದು ದೊಡ್ಡ ಗುಂಪು ಒಂದೇ ಸಮತಲದಲ್ಲಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿದೆ. ವಯಸ್ಸು ಕೆಲವೇ ದಶಲಕ್ಷ ವರ್ಷ. ಭಾರೀ ನಕ್ಷತ್ರಗಳ ಪಾಲು ಬೇರೆಡೆಗಿಂತ ಎದ್ದು ಕಾಣುವಷ್ಟು ಹೆಚ್ಚು. ಎಳೆಯ ಸಣ್ಣ ನಕ್ಷತ್ರಗಳು ಜೋರಾಗಿ ಎಕ್ಸ್-ರೇ ಸೂಸಬೇಕು. ಅಲ್ಲಿ ಅಷ್ಟು ಎಕ್ಸ್-ರೇ ಇಲ್ಲ, ಅಂದರೆ ಸಣ್ಣವು ಕಡಿಮೆ.

ಪ್ರಶ್ನೆ: ಎಸ್2 ಆ ತಟ್ಟೆಗಿಂತ ಒಳಗಿದೆಯಲ್ಲ?

ಉತ್ತರ: ಒಳ್ಳೆಯ ಕೊಕ್ಕೆ. ಅಷ್ಟು ಒಳಗೆ ಹುಟ್ಟುವುದು ಇನ್ನೂ ಕಷ್ಟ. ಅಲ್ಲಿನ ಕಕ್ಷೆಗಳು ಉದ್ದುದ್ದ, ದಿಕ್ಕು ಚೆಲ್ಲಾಪಿಲ್ಲಿ. ಖಗೋಳ ವಿಜ್ಞಾನಿ ಜ್ಯಾಕ್ ಹಿಲ್ಸ್ 1988ರಲ್ಲಿ ಕೊಟ್ಟ ಲೆಕ್ಕ ಇಲ್ಲಿ ಚೆನ್ನಾಗಿ ಕೂರುತ್ತದೆ. ಜೋಡಿ ನಕ್ಷತ್ರವೊಂದು ಕುಳಿಯ ಸಮೀಪ ಬಂದರೆ ಉಬ್ಬರ ಬಲ ಆ ಜೋಡಿಯನ್ನು ಬಿಡಿಸುತ್ತದೆ. ಒಂದು ಉದ್ದನೆಯ ಕಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಇನ್ನೊಂದು ಕವಣೆಕಲ್ಲಿನಂತೆ ಹೊರಗೆ. ಸೆಕೆಂಡಿಗೆ 1,700 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರುವ ನಕ್ಷತ್ರವೊಂದು 2019ರಲ್ಲಿ ವರದಿಯಾಯಿತು. ಅದರ ಹಾದಿಯನ್ನು ಹಿಂದಕ್ಕೆ ಎಳೆದರೆ ಸುಮಾರು 48 ಲಕ್ಷ ವರ್ಷದ ಹಿಂದೆ ಆಕಾಶಗಂಗೆಯ ಕೇಂದ್ರದಿಂದಲೇ ಹೊರಟದ್ದು.

ಪ್ರಶ್ನೆ: ಎಳೆಯವೆಂದು ಗೊತ್ತಾಗುವುದು ಹೇಗೆ?

ಉತ್ತರ: ನಡುವಿನ ದೂಳಿನಿಂದಾಗಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಯಲ್ಲಿ ಒಂದು ಪಾಲಷ್ಟೇ ನಮಗೆ ತಲುಪುತ್ತದೆ. 2.2 ಮೈಕ್ರೊಮೀಟರಿನ ಅವಕೆಂಪಿನಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂದು ಪಾಲು. ಆ ಬೆಳಕಿನ ರೋಹಿತದಲ್ಲಿ ಕಾರ್ಬನ್ ಮೊನಾಕ್ಸೈಡ್ ಪಟ್ಟಿಗಳಿದ್ದರೆ ತಣ್ಣಗಿನ ಮುದಿ ನಕ್ಷತ್ರ, ಹೈಡ್ರೊಜನ್-ಹೀಲಿಯಂ ಗೆರೆಗಳಿದ್ದರೆ ಬಿಸಿಯಾದದ್ದು. ಬಿಸಿಯೆಂದ ಮಾತ್ರಕ್ಕೆ ಎಳೆಯದಲ್ಲ, ಹೊರಪದರ ಕಳಚಿದ ಮುದುಕನೂ ಬಿಸಿಯಾಗಿ ಕಾಣಬಹುದು. ಆ ಸಂಶಯ ಬಹುಕಾಲ ಇತ್ತು. ಗೆರೆಗಳ ಅಗಲದಿಂದ ಮೇಲ್ಮೈಯ ಗುರುತ್ವ ಅಳೆದಾಗ ಎಸ್2 ಇನ್ನೂ ಹೈಡ್ರೊಜನ್ ಉರಿಸುತ್ತಿರುವ, ಸುಮಾರು 14 ಸೂರ್ಯರ ತೂಕದ ಸಾಮಾನ್ಯ ನಕ್ಷತ್ರ ಎಂದು ಖಚಿತವಾಯಿತು.

ಪ್ರಶ್ನೆ: ಮುಂದೇನು?

ಉತ್ತರ: ತಟ್ಟೆಯ ಅತಿ ಭಾರದ ನಕ್ಷತ್ರಗಳು ಆಗಲೇ ವುಲ್ಫ್-ರಾಯೆ ಹಂತದಲ್ಲಿವೆ, ಅಂದರೆ ಹೊರಪದರ ಕಳಚಿಕೊಳ್ಳುವ ಕೊನೆಗಾಲದಲ್ಲಿ. ಲಕ್ಷ ವರ್ಷಕ್ಕೆ ಒಬ್ಬ ಸೂರ್ಯನಷ್ಟು ವಸ್ತುವನ್ನು ಗಾಳಿಯಾಗಿ ಊದಿ, ಕೊನೆಗೆ ಸಿಡಿಯುತ್ತವೆ ಇಲ್ಲವೇ ಕುಸಿಯುತ್ತವೆ. ಆ ಗಾಳಿಗಳು ಒಂದಕ್ಕೊಂದು ಬಡಿದು ಕೋಟಿ ಡಿಗ್ರಿಯಷ್ಟು ಕಾಯುತ್ತವೆ. ಕುಳಿಗೆ ಈಗ ಸಿಗುತ್ತಿರುವ ತುತ್ತು ಬಹುಪಾಲು ಇದೇ, ಆದರೆ ಬಾಯಿಗೆ ಸೇರುವುದು ಅತ್ಯಲ್ಪ. ಎಸ್2ಗೆ ಇನ್ನೂ ಕೆಲವು ದಶಲಕ್ಷ ವರ್ಷ ಬಾಕಿ ಇದೆ.