ಮೂವತ್ತು ಜನರಿಂದ ಏನು ಸಾಬೀತಾಗುತ್ತದೆ?

ಪ್ರಶ್ನೆ: ನಾನು ಮನಃಶಾಸ್ತ್ರ ವಿಭಾಗದ ಅಧ್ಯಾಪಕಿ. ಕಂಪ್ಯೂಟರ್ ವಿಭಾಗದವರ ಜೊತೆ ಸೇರಿ, ಖಿನ್ನತೆ ಇರುವ ವಿದ್ಯಾರ್ಥಿಗಳಿಗೆ ಒಂದು ಆ್ಯಪ್ ಮಾಡುತ್ತಿದ್ದೇವೆ. ವಿಶ್ವವಿದ್ಯಾಲಯದ ಒಂದು ವರ್ಷದ ಸೀಡ್ ಗ್ರ್ಯಾಂಟಿಗೆ, ಅಂದರೆ ಸಂಶೋಧನೆ ಶುರುಮಾಡಲು ಕೊಡುವ ಸಣ್ಣ ಹಣಕ್ಕೆ, ಅರ್ಜಿ ಹಾಕಬೇಕು. 30 ಜನರ ಮೇಲೆ ಪ್ರಯೋಗ ಮಾಡಿ ಆ್ಯಪ್‌ನಿಂದ ಗುಣ ಕಾಣುತ್ತದೆ ಎಂದು ತೋರಿಸಿದರೆ ಮುಂದೆ ದೊಡ್ಡ ಗ್ರ್ಯಾಂಟ್ ಸಿಗಬಹುದೇ?

ಉತ್ತರ: ತೋರಿಸಲು ಆಗುವುದಿಲ್ಲ. ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಆ್ಯಪ್ ಇದ್ದ ಜಾಗದಲ್ಲಿ ಒಮ್ಮೆ ಧ್ಯಾನ, ಒಮ್ಮೆ ಸಂಗೀತ ಇರುತ್ತದೆ, ಅಷ್ಟೇ ವ್ಯತ್ಯಾಸ.

ಲೆಕ್ಕ ನೋಡಿ. ಆ್ಯಪ್ ಬಳಸುವವರದು ಒಂದು ಗುಂಪು, ಬಳಸದವರದು ಇನ್ನೊಂದು, ಗುಂಪಿಗೆ 15 ಜನ. ಪರಿಣಾಮದ ಗಾತ್ರ, ಅಂದರೆ ಎರಡು ಗುಂಪುಗಳ ನಡುವಿನ ಅಂತರ ಎಷ್ಟು ದೊಡ್ಡದು ಎನ್ನುವ ಅಳತೆ, 0.8 ಬಂತು ಅಂತಿಟ್ಟುಕೊಳ್ಳಿ. ಎಲ್ಲರಿಗೂ ಖುಷಿ. ಆದರೆ ಇಷ್ಟು ಕಡಿಮೆ ಜನರಲ್ಲಿ ನಿಜವಾದ ಸಂಖ್ಯೆ 0.1 ಇರಬಹುದು, 1.5 ಕೂಡ ಇರಬಹುದು. ನೀವು 0.8 ನಂಬಿ ಮುಂದಿನ ಪ್ರಯೋಗಕ್ಕೆ ಗುಂಪಿಗೆ 26 ಜನ ಸಾಕು ಎನ್ನುತ್ತೀರಿ. ನಿಜ 0.4 ಆಗಿದ್ದರೆ ಬೇಕಾಗಿದ್ದದ್ದು ಸುಮಾರು 100. ಪ್ರಯೋಗ ಸೋಲುತ್ತದೆ, ಒಳ್ಳೆಯ ಆ್ಯಪ್ ಸುಮ್ನೆ ಮೂಲೆ ಸೇರುತ್ತದೆ.

ಸೀಡ್ ಹಣ ಇರುವುದು ಬೇರೆ ಪ್ರಶ್ನೆಗಳಿಗೆ. ಕರೆದವರಲ್ಲಿ ಎಷ್ಟು ಜನ ಬಂದರು? ನಾಲ್ಕನೇ ವಾರವೂ ಆ್ಯಪ್ ತೆರೆದವರು ಎಷ್ಟು? ಎರಡು ವಿಭಾಗಗಳ ನಡುವೆ ಕೆಲಸ ಎಲ್ಲಿ ಸೋರಿಹೋಗುತ್ತದೆ? ನನಗೆ ಈ ಕೊನೆಯದೇ ಮುಖ್ಯ.

ಉದಾಹರಣೆಗೆ, ಖಿನ್ನತೆ ಅಳೆಯಲು ಎಲ್ಲರೂ ಬಳಸುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ತೆಗೆದುಕೊಳ್ಳಿ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಕೇಳುತ್ತದೆ. ಒಬ್ಬ ಹುಡುಗ ರಾತ್ರಿ 11.40ಕ್ಕೆ ಅದಕ್ಕೆ 'ಹೆಚ್ಚುಕಮ್ಮಿ ಪ್ರತಿದಿನ' ಎಂದು ಒತ್ತಿದ. ಉತ್ತರ ಕಂಪ್ಯೂಟರ್ ವಿಭಾಗದ ಸರ್ವರ್‌ನಲ್ಲಿ ಕೂತಿತು. ನಮ್ಮ ತಂಡದಲ್ಲೇ ಹೀಗಾಗಿತ್ತು. ನಾವು ಆ ಫೈಲ್ ತೆರೆದದ್ದು ನಾಲ್ಕು ದಿನ ಬಿಟ್ಟು. ಹುಡುಗ ಸುರಕ್ಷಿತವಾಗಿದ್ದ. ಅದರಲ್ಲಿ ನಮ್ಮದೇನೂ ಪಾತ್ರವಿರಲಿಲ್ಲ. ಅವತ್ತಿನಿಂದ ನಾನು ಅರ್ಜಿಯಲ್ಲಿ ಮೊದಲು ಹುಡುಕುವುದು ಒಂದೇ ವಾಕ್ಯ: ಆ ಉತ್ತರ ಬಂದಾಗ ಯಾರ ಫೋನ್ ರಿಂಗ್ ಆಗುತ್ತದೆ, ಅವರು ಎಷ್ಟು ಹೊತ್ತಿನಲ್ಲಿ ಆ ವಿದ್ಯಾರ್ಥಿಯ ಜೊತೆ ಮಾತಾಡುತ್ತಾರೆ? ರಾತ್ರಿ ಯಾರೂ ನೋಡಲು ಆಗದಿದ್ದರೆ, ಅದನ್ನು ವಿದ್ಯಾರ್ಥಿಗೆ ಮೊದಲೇ ಹೇಳಿ, ತಕ್ಷಣ ಎಲ್ಲಿ ಸಹಾಯ ಸಿಗುತ್ತದೆ ಎಂದು ಅದೇ ಪರದೆಯಲ್ಲಿ ತೋರಿಸಿ. ಆ ಪ್ರಶ್ನೆ ಬೇಡವೆಂದು ಕಿತ್ತುಹಾಕಿ ಪಾರಾಗುವವರೂ ಇದ್ದಾರೆ. ಕೇಳದಿದ್ದರೆ ಯೋಚನೆ ಹೋಗಿಬಿಡುತ್ತದೆಯೇ? ಕೇಳಿದರೆ ತಲೆಗೆ ಹೊಸದಾಗಿ ತುಂಬಿದಂತಾಗುತ್ತದೆ ಎನ್ನುವುದೂ ಸುಳ್ಳು ಭಯ.

ಇನ್ನೊಂದು. ಎಥಿಕ್ಸ್ ಕಮಿಟಿ ಒಪ್ಪುವ ಮುಂಚೆ ಒಬ್ಬರನ್ನೂ ಸೇರಿಸುವಂತಿಲ್ಲ. ನಾನಂತೂ ಹನ್ನೆರಡು ತಿಂಗಳಲ್ಲಿ ನಾಲ್ಕನ್ನು ಅದಕ್ಕೇ ಬಿಡುತ್ತೇನೆ. ಜಾಸ್ತಿ ಅನ್ನಿಸಬಹುದು, ನಾನು ಸ್ವಲ್ಪ ಹೆದರುಪುಕ್ಕಲ.

ಪ್ರಶ್ನೆ: ಬೇರೆ ವಿಭಾಗದ ಹಿರಿಯರೊಬ್ಬರ ಹೆಸರು ಹಾಕಿದರೆ ಅಂತರಶಿಸ್ತೀಯ ಆಯಿತಲ್ವಾ?

ಉತ್ತರ: ಅವರು ಮಾಡುವ ಕೆಲಸವನ್ನು ಎರಡು ಸಾಲಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಹೆಸರು ತೆಗೆಯಿರಿ.

ಪ್ರಶ್ನೆ: ದುಡ್ಡು ಕೊಟ್ಟರೆ ಗ್ರ್ಯಾಂಟ್ ಗ್ಯಾರಂಟಿ ಎನ್ನುವ ಸಲಹೆಗಾರರಿದ್ದಾರೆ. ನಂಬಬಹುದೇ?

ಉತ್ತರ: ಗ್ರ್ಯಾಂಟ್ ಕೊಡುವ ಕಮಿಟಿಗೂ ಅವರಿಗೂ ಸಂಬಂಧ ಇಲ್ಲದಿದ್ದರೆ ಗ್ಯಾರಂಟಿ ಸುಳ್ಳು. ಇದ್ದರೆ ದೂರು ಕೊಡಿ.

ಪ್ರಶ್ನೆ: ಮೆದುಳಿನ ಸ್ಕ್ಯಾನ್ ಸೇರಿಸಿದರೆ ಅರ್ಜಿಗೆ ತೂಕ ಬರುತ್ತದೆಯೇ?

ಉತ್ತರ: ಬರೀ ಸ್ಕ್ಯಾನ್ ನೋಡಿ ಒಬ್ಬರಿಗೆ ಖಿನ್ನತೆ ಇದೆ ಎಂದು ಹೇಳುವ ವಿಧಾನ ಚಿಕಿತ್ಸೆಯಲ್ಲಿ ಇನ್ನೂ ಬಂದಿಲ್ಲ. ಬಣ್ಣಬಣ್ಣದ ಚಿತ್ರ ತೋರಿಸಿ ಹಾಗೆ ಹೇಳುವವರು ವ್ಯಾಪಾರ ಮಾಡುತ್ತಿದ್ದಾರೆ. ಆ ಹಣದಲ್ಲಿ ಒಬ್ಬ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಿ, ರಾತ್ರಿಯ ಫೋನ್ ಎತ್ತಲು.