ವೈರಲ್ ನ್ಯುಮೋನಿಯಾ ಆಗಿ 4 ತಿಂಗಳಾದರೂ ಏದುಸಿರು: ಶ್ವಾಸಕೋಶ ಶಾಶ್ವತವಾಗಿ ಹಾಳಾಗಿದೆಯೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನಿಮ್ಮ ತಂದೆಗೆ ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು, ಆಸ್ಪತ್ರೆಯಲ್ಲಿದ್ದಾಗ ತೆಗೆದ ಸಿಟಿ ಸ್ಕ್ಯಾನ್ ವರದಿಯಲ್ಲಿ ‘ಗ್ರೌಂಡ್ ಗ್ಲಾಸ್’ (ಶ್ವಾಸಕೋಶದಲ್ಲಿ ಮಂಜುಗಾಜಿನಂಥ ಮಸುಕು) ಎಂದಿದೆ ಅಂತ ಬರೆದಿದ್ದೀರಿ. ಆ ಹಳೇ ವರದಿ ಇಟ್ಟುಕೊಂಡು ದಯವಿಟ್ಟು ಎದೆಗುಂದಬೇಡಿ. ಗ್ರೌಂಡ್ ಗ್ಲಾಸ್ ಹೆಚ್ಚಾಗಿ ಉರಿಯೂತದ ಗುರುತು. ಬಹಳ ಜನರಲ್ಲಿ ಕೆಲವು ತಿಂಗಳಲ್ಲಿ ಕರಗುತ್ತದೆ. ಜೇನುಗೂಡಿನಂಥ ತೂತುಗಳು, ಸುತ್ತಲಿನ ಕಲೆ ಎಳೆದು ಹಿಗ್ಗಿಸಿದ ಶ್ವಾಸನಾಳಗಳು ಕಂಡರೆ ಅದು ಹೆಚ್ಚಾಗಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಕಲೆಗಟ್ಟುವುದು; ಸಾಮಾನ್ಯವಾಗಿ ಹಿಂದಕ್ಕೆ ಹೋಗದ ಹಾನಿ.

ಮೂರು ತಿಂಗಳು ದಾಟಿರುವುದರಿಂದ ಈಗ ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಜೊತೆಗೆ ಪಿಎಫ್‌ಟಿ (ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡುವ ಪರೀಕ್ಷೆ) ಮಾಡಿಸಿ. ಬರೀ ಊದಿಸುವ ಸ್ಪೈರೋಮೆಟ್ರಿ ಸಾಲದು, ‘ಡಿಎಲ್‌ಸಿಒ’ ಬೇಕೆಂದು ಕೇಳಿ. ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವುದು ಅದೇ. ಸ್ಪೈರೋಮೆಟ್ರಿ ಸರಿಯಿದ್ದೂ ಇದು ಕಡಿಮೆ ಇರಬಹುದು. ಎಲ್ಲ ಕಡೆ ಈ ಯಂತ್ರ ಇರುವುದಿಲ್ಲ, ಫೋನ್ ಮಾಡಿ ವಿಚಾರಿಸಿಕೊಂಡು ಹೊರಡಿ. ಕೆಮ್ಮು ಎರಡು ವಾರ ಮೀರಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಆಗಲಿ. ‘ವೈರಲ್ ಆಗಿತ್ತಲ್ಲ, ಅದರದೇ ಕೆಮ್ಮು’ ಅಂದುಕೊಂಡು ಟಿಬಿಯನ್ನು ಬಿಟ್ಟುಬಿಡುವುದುಂಟು.

ಮನೆಯಲ್ಲೂ ಒಂದು ಪರೀಕ್ಷೆ ಇದೆ. ಕೂತಾಗ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಯಂತ್ರ) 94ಕ್ಕಿಂತ ಕಡಿಮೆ ತೋರಿಸಿದರೆ ಇದನ್ನು ಮಾಡದೆ ವೈದ್ಯರ ಬಳಿ ಹೋಗಿ. ಬೆರಳು ಬೆಚ್ಚಗಿರಲಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. ನೀವು ಪಕ್ಕದಲ್ಲಿರುವಾಗ ಅವರು ಒಂದು ನಿಮಿಷ ಕುರ್ಚಿಯಿಂದ ಮತ್ತೆ ಮತ್ತೆ ಎದ್ದು ಕೂರಲಿ. ನಿಲ್ಲಿಸಿದ ಮೇಲೂ ಒಂದು ನಿಮಿಷ ಅಂಕಿ ಗಮನಿಸಿ, ಕುಸಿತ ತಡವಾಗಿ ಕಾಣಬಹುದು. 4 ಅಂಕಿ ಇಳಿದರೆ, ಅಥವಾ 90ರ ಕೆಳಗೆ ಹೋದರೆ, ಎದೆರೋಗ ತಜ್ಞರನ್ನು ಬೇಗ ಕಾಣಬೇಕು. ಇಳಿಯದೆ ಬರೀ ಸುಸ್ತಾದರೆ ತೊಡೆಯ ಸ್ನಾಯು ಸೊರಗಿರಬಹುದು, ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಇದು ಸಾಮಾನ್ಯ. ರಕ್ತಹೀನತೆ, ಹೃದಯದ ತೊಂದರೆಯನ್ನೂ ನೋಡಿಸಬೇಕು.

ಉಸಿರಾಟದ ವ್ಯಾಯಾಮಕ್ಕೆ ಆಸ್ಪತ್ರೆಯಲ್ಲಿ ಮೂರು ಚೆಂಡಿನ ಉಪಕರಣ ಕೊಟ್ಟಿದ್ದರೆ ಅದನ್ನು ಊದುವುದಲ್ಲ, ನಿಧಾನವಾಗಿ ಒಳಗೆಳೆಯಬೇಕು. ಆದರೆ ಹೆಚ್ಚು ಫಲ ಕೊಡುವುದು ನಡಿಗೆ: ಮಾತಾಡಲು ಆಗುವಷ್ಟು ವೇಗದಲ್ಲಿ 10 ನಿಮಿಷದಿಂದ ಶುರುಮಾಡಿ, ವಾರವಾರ ಸ್ವಲ್ಪ ಹೆಚ್ಚಿಸಿ. ಉಸಿರು ಹತ್ತಿದರೆ ಮೂಗಿನಿಂದ ಎರಡು ಎಣಿಕೆ ಒಳಗೆ, ತುಟಿ ಚೂಪಾಗಿಸಿ ನಾಲ್ಕು ಎಣಿಕೆ ಹೊರಗೆ. ಸ್ಟೀರಾಯ್ಡನ್ನು ಅಂಗಡಿಯಿಂದ ತಂದು ನುಂಗಿಸಬೇಡಿ, ಈಗಾಗಲೇ ನಡೆಯುತ್ತಿದ್ದರೆ ತಟ್ಟನೆ ನಿಲ್ಲಿಸಲೂ ಬೇಡಿ.

ಗೂಡು ಬೇಯಿಸುವ ಒಲೆ ಸೌದೆಯದಾದರೆ, ಸದ್ಯಕ್ಕೆ ಆ ಕೆಲಸ ಬೇರೆಯವರು ನೋಡಿಕೊಳ್ಳಲಿ. ಬಟ್ಟೆ ಮಾಸ್ಕ್ ಹೊಗೆಯನ್ನು ತಡೆಯುವುದಿಲ್ಲ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಅಥವಾ ಒಂದೇ ಕಾಲಿನ ಬಾವು ಜೊತೆಗಿದ್ದರೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು: ಅವತ್ತೇ, ಆಗಲೇ 108ಕ್ಕೆ ಕರೆ ಮಾಡಿ.